ಕವಲೇದುರ್ಗದ ಕೋಟೆ ಹೇಳುವ ಕಾಡು-ನೀರಿನ ಚರಿತ್ರೆ

(ಕವಲೇದುರ್ಗದ ಚಾರಣಕ್ಕೆ ಮುನ್ನ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಕೋಟೆಯೊಂದನ್ನು ನೋಡಲು ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ಇದನ್ನು ಕಟ್ಟಿಸಿದ ಅರಸ ಯಾರು? ಇಲ್ಲಿ ಯಾವ ಯುದ್ಧ ನಡೆಯಿತು? ನಿಧಿ ಎಲ್ಲಿದೆ? ಮೊದಲ ಎರಡಕ್ಕೆ ಚರಿತ್ರೆಯ ಪುಸ್ತಕಗಳಲ್ಲಿ ಉತ್ತರ ದೊರೆಯುತ್ತದೆ. ಮೂರನೆಯದರ ಉತ್ತರ ಹುಡುಕುತ್ತ ರಾತ್ರಿಯ ವೇಳೆ ಹಾರೆ ಗುದ್ದಲಿ ಹಿಡಿದು ಬಂದವರು ಮಲೆನಾಡಿನ ಎಷ್ಟೋ ಪಾಳುಗುಡಿಗಳ ನೆಲಗಟ್ಟನ್ನು ಅಗೆದುಹಾಕಿದ್ದಾರೆ. ಕವಲೇದುರ್ಗವನ್ನು ಹತ್ತುವವರು ಬೇರೆ ಮೂರು ಪ್ರಶ್ನೆಗಳನ್ನು ಜೊತೆಗೆ ಒಯ್ಯುವುದು ಒಳಿತು. ಬೆಟ್ಟದ ನೆತ್ತಿಯ ಮೇಲೆ ಅರಮನೆಯ ಜನರೂ ಕಾವಲಿನ ಪಡೆಯೂ ವರ್ಷವಿಡೀ ಕುಡಿದ ನೀರು ಎಲ್ಲಿಂದ ಬಂತು? ಶತ್ರುವಿಗೂ ಕೋಟೆಯ ಬಾಗಿಲಿಗೂ ನಡುವೆ ನಿಂತಿದ್ದುದು ಏನು? ಇದನ್ನೆಲ್ಲ ಹೊತ್ತವರು, ಕಟ್ಟಿದವರು, ಸಾಕಿದವರು ಯಾರು?

ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಕವಲೇದುರ್ಗವು ಅರಸರ ವೈಭವದ ಅವಶೇಷವಾಗಿ ಮಾತ್ರ ಕಾಣುವುದಿಲ್ಲ. ಮಲೆನಾಡಿನ ಕಾಡು ಮತ್ತು ನೀರನ್ನು ಒಂದು ರಾಜ್ಯ ಹೇಗೆ ತಿಳಿದುಕೊಂಡಿತ್ತು, ಆ ತಿಳಿವಳಿಕೆ ಕೈತಪ್ಪಿದಾಗ ಏನಾಯಿತು ಎಂಬುದರ ದಾಖಲೆಯಾಗಿಯೂ ಕಾಣುತ್ತದೆ.

ಬಯಲಿನಿಂದ ಮಳೆಕಾಡಿನ ಕಡೆಗೆ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಪಟ್ಟಣದಿಂದ ಸುಮಾರು 18 ಕಿ.ಮೀ. ದೂರದಲ್ಲಿ ಕವಲೇದುರ್ಗವಿದೆ. ಭುವನಗಿರಿದುರ್ಗ ಎಂಬುದು ಇದರ ಇನ್ನೊಂದು ಹೆಸರು. ಕೋಟೆ ಕೆಳದಿಯ ಅರಸರಿಗಿಂತ ಹಳೆಯದೆಂಬ ಪ್ರತೀತಿ ಇದೆ. ಆದರೆ ಅದಕ್ಕೆ ಇಂದು ಕಾಣುವ ಹರಹನ್ನು ತಂದುಕೊಟ್ಟವರು ಕೆಳದಿಯ ನಾಯಕರು. ಅವರಲ್ಲಿಯೂ 1586ರಿಂದ 1629ರವರೆಗೆ ಆಳಿದ ಹಿರಿಯ ವೆಂಕಟಪ್ಪನಾಯಕನ ಹೆಸರು ಇಲ್ಲಿಯ ಅರಮನೆ, ಕೊಳ, ಮಠ, ಕಣಜಗಳ ಜೊತೆಗೆ ಸೇರಿಕೊಂಡಿದೆ.

ಕೆಳದಿಯ ಅರಸೊತ್ತಿಗೆ 1500ರ ಆಸುಪಾಸಿನಲ್ಲಿ ಆರಂಭವಾಗಿ 1763ರಲ್ಲಿ ಕೊನೆಗೊಂಡಿತು. ವಿಜಯನಗರದ ಸಾಮಂತರಾಗಿ ತಲೆಯೆತ್ತಿದ ಈ ಮನೆತನ 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಕ್ರಮೇಣ ಸ್ವತಂತ್ರವಾಯಿತು. ಮನೆತನದ ಮೂಲಪುರುಷ ಚೌಡಪ್ಪ ಬೇಸಾಯಗಾರನೆಂದೂ ಅವನಿಗೆ ನೆಲದೊಳಗಿನ ನಿಧಿ ದೊರೆಯಿತೆಂದೂ ಐತಿಹ್ಯ ಹೇಳುತ್ತದೆ. ಆ ನಿಧಿಯನ್ನು ಎತ್ತುವ ಮೊದಲು ಎಡವ, ಮುರಾರಿ ಎಂಬ ಇಬ್ಬರು ಆಳುಗಳು ತಮ್ಮನ್ನು ಬಲಿಗೊಪ್ಪಿಸಿಕೊಂಡರಂತೆ. ಅವರ ನೆನಪಿಗಾಗಿ ಅರಸರು 'ಎಡವಮುರಾರಿ' ಎಂಬ ಬಿರುದನ್ನು ಧರಿಸಿದರು. ಐತಿಹ್ಯವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಸಿರಿಯ ಬುಡದಲ್ಲಿ ದುಡಿಯುವವರ ಪ್ರಾಣವಿದೆ ಎಂಬ ಮಾತನ್ನು ಒಂದು ರಾಜಮನೆತನವೇ ತನ್ನ ಬಿರುದಿನಲ್ಲಿ ಉಳಿಸಿಕೊಂಡಿತು ಎಂಬುದು ಗಮನಿಸತಕ್ಕ ಸಂಗತಿ.

ರಾಜಧಾನಿಗಳು ಬದಲಾದ ದಿಕ್ಕನ್ನು ನೋಡಬೇಕು. ಮೊದಲು ಕೆಳದಿ, ಬಳಿಕ ಇಕ್ಕೇರಿ. ಇವೆರಡೂ ಇಂದಿನ ಸಾಗರ ಪಟ್ಟಣಕ್ಕೆ ಹತ್ತಿರದವು. 1637ರಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹಾಳುಗೆಡವಿತು. ಅನಂತರ ವೀರಭದ್ರನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಸರಿಯಿತು. ಬಿದನೂರು ಘಟ್ಟದ ಅಂಚಿಗೆ ಹತ್ತಿರದ, ಹೆಚ್ಚು ಮಳೆ ಬೀಳುವ, ಹೆಚ್ಚು ದಟ್ಟ ಕಾಡಿನ ಸ್ಥಳ. ಬಯಲುಸೀಮೆಯಿಂದ ದೊಡ್ಡ ಸೈನ್ಯ ಬಂದು ಅಪ್ಪಳಿಸಿದಾಗ ಈ ಅರಸರು ಬಯಲಿಗೆ ಇಳಿಯಲಿಲ್ಲ, ಮಳೆಕಾಡಿನ ಒಳಕ್ಕೆ ಸರಿದರು. ಅಲ್ಲಿಂದ ಹೊಸಂಗಡಿ ಘಾಟಿಯ ಮೂಲಕ ಕರಾವಳಿಗೆ ಇಳಿಯುವ ದಾರಿಯೂ ಅವರ ಕೈಯಲ್ಲಿತ್ತು. ಮೇಲಿನ ಮೆಣಸು, ಕೆಳಗಿನ ಅಕ್ಕಿ ಎರಡೂ ರಾಜ್ಯದ ಆದಾಯದ ಮೂಲಗಳಾಗಿದ್ದವು. 1652ರಿಂದ 1654ರ ನಡುವೆ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ವಶಪಡಿಸಿಕೊಳ್ಳಲು ಸಾಧ್ಯವಾದದ್ದು ಈ ಬಲದಿಂದ.

ಬಿದಿರಿನ ಗೋಡೆ

ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಬಗೆಯ ದುರ್ಗಗಳನ್ನು ಹೇಳುತ್ತದೆ: ಜಲದುರ್ಗ, ಪರ್ವತದುರ್ಗ, ಮರುಭೂಮಿಯ ದುರ್ಗ ಮತ್ತು ವನದುರ್ಗ. ಮಲೆನಾಡಿನಲ್ಲಿ ಮರುಭೂಮಿಯೊಂದನ್ನು ಬಿಟ್ಟು ಉಳಿದ ಮೂರೂ ಒಂದೇ ಕಡೆ ಕೂಡಿಬಂದಿವೆ. ಕವಲೇದುರ್ಗವನ್ನು ನೋಡುವವರು ಸಾಮಾನ್ಯವಾಗಿ ಪರ್ವತದುರ್ಗವನ್ನು ಮಾತ್ರ ಗುರುತಿಸುತ್ತಾರೆ. ಕಾಡು ಎಂಬ ಮೊದಲ ಗೋಡೆ ಅವರ ಲೆಕ್ಕಕ್ಕೆ ಬರುವುದಿಲ್ಲ.

ಆ ಗೋಡೆ ಹೇಗಿತ್ತು ಎಂಬುದಕ್ಕೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಬರಹ ಸಾಕ್ಷಿ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ ಅವನು ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಗ ಆಳುತ್ತಿದ್ದವನು ವೆಂಕಟಪ್ಪನಾಯಕನೇ. ರಾಜಧಾನಿಯ ಹೊರಸುತ್ತಿನಲ್ಲಿ ಕಲ್ಲಿನ ಗೋಡೆಗಳ ಬದಲು ಒತ್ತೊತ್ತಾಗಿ ಬೆಳೆಸಿದ ಎತ್ತರದ ಬಿದಿರಿನ ಬೇಲಿಗಳಿದ್ದುದನ್ನು ಅವನು ಕಂಡು ಬರೆದಿದ್ದಾನೆ. ಆ ಬೇಲಿ ಕುದುರೆಗಳಿಗೂ ಕಾಲಾಳುಗಳಿಗೂ ಭೇದಿಸಲಾರದ್ದು, ಕಡಿಯಲು ಕಷ್ಟವಾದದ್ದು, ಬೆಂಕಿಗೆ ಬಗ್ಗದ್ದು, ಮೇಲೆ ಹಬ್ಬಿದ ಬಳ್ಳಿಗಳಿಂದ ನೆರಳನ್ನೂ ಚೆಲುವನ್ನೂ ಕೊಡುವಂಥದ್ದು ಎಂಬುದು ಅವನ ವರದಿಯ ಸಾರಾಂಶ. ಬಿದನೂರು ಎಂಬ ಹೆಸರಿನಲ್ಲಿಯೇ ಬಿದಿರು ಇದೆ. ಬಿದಿರೂರು ಎಂಬುದೇ ಬಿದನೂರಾಯಿತು. ಸಂಸ್ಕೃತದಲ್ಲಿ ಅದನ್ನು ವೇಣುಪುರ ಎಂದು ಕರೆದರು.

ಜೀವಂತ ಗೋಡೆಯನ್ನು ಕಟ್ಟಿ ಮುಗಿಸಲಾಗದು, ಅದನ್ನು ಸದಾ ಕಾಯಬೇಕಾಗುತ್ತದೆ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು, ಅಕ್ಕಿ ಉದುರಿಸಿ ಒಣಗಿಹೋಗುತ್ತದೆ. ಒಂದು ತಲೆಮಾರಿನಲ್ಲಿ ಒಮ್ಮೆಯಾದರೂ ಗೋಡೆ ತಾನಾಗಿ ಬೀಳುತ್ತದೆ ಎಂದಾಯಿತು. ಹೊಸ ಸಸಿಗಳನ್ನು ದನಗಳಿಂದ, ಬೆಂಕಿಯಿಂದ ಕಾಯದಿದ್ದರೆ ಗೋಡೆ ಮತ್ತೆ ಏಳುವುದಿಲ್ಲ. ಬಿದಿರುಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳು ಎಳೆಯ ಕಳಲೆಯನ್ನು ದನಕರುಗಳ ಬಾಯಿಂದ ರಕ್ಷಿಸುತ್ತದೆ ಎಂಬುದು ಹಳ್ಳಿಯ ಎಲ್ಲ ಹಿರಿಯರಿಗೂ ಗೊತ್ತಿರುವ ವಿಷಯ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಕಾಗದದ ಗಿರಣಿಗಳಿಗೆ ಬಿದಿರನ್ನು ಅಗ್ಗದ ದರದಲ್ಲಿ ಕೊಟ್ಟಾಗ, ಮೆಳೆ ಚೆನ್ನಾಗಿ ಬೆಳೆಯಲೆಂದು ಆ ಮುಳ್ಳನ್ನು ಸವರಿ ತೆಗೆಯಲಾಯಿತು. ಬೆಳವಣಿಗೆ ಹೆಚ್ಚುವ ಬದಲು ಕಳಲೆಗಳು ಮೇವಾಗಿಹೋದವು. 1970ರ ದಶಕದಲ್ಲಿ ಕರ್ನಾಟಕದ ಬಿದಿರುಕಾಡುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಇದನ್ನು ದಾಖಲಿಸಿದ್ದಾರೆ. ಶತ್ರುವಿನ ಕುದುರೆಯನ್ನು ತಡೆದಿದ್ದ ಅದೇ ಮುಳ್ಳು ಯೋಜಕರ ಕಣ್ಣಿಗೆ ಅಡ್ಡಿಯಾಗಿ ಕಂಡಿತು.

ಬೆಟ್ಟದ ಮೇಲಿನ ನೀರು

ಈಗ ಕೋಟೆಯನ್ನು ಹತ್ತೋಣ. ಊರಿನ ಗದ್ದೆಬಯಲನ್ನು ದಾಟಿ ಹೋದರೆ ಕಲ್ಲು ಹಾಸಿದ ಹಳೆಯ ದಾರಿ ಮರಗಳ ನೆರಳಿನಲ್ಲಿ ಮೇಲೇರುತ್ತದೆ. ಕೋಟೆ ಮೂರು ಸುತ್ತಿನದು. ಬೆಟ್ಟದ ಏರಿಳಿತವನ್ನೇ ಅನುಸರಿಸಿ ದೊಡ್ಡ ದೊಡ್ಡ ಕಲ್ಲಿನ ದಿಮ್ಮಿಗಳನ್ನು ಪೇರಿಸಲಾಗಿದೆ. ಪ್ರತಿ ಸುತ್ತಿನ ಹೆಬ್ಬಾಗಿಲ ಇಕ್ಕೆಲಗಳಲ್ಲಿ ಕಾವಲುಗಾರರ ಕೋಣೆಗಳಿವೆ. ಒಳಗೆ ಕಾಶಿ ವಿಶ್ವನಾಥ ದೇವಾಲಯ, ಅರಮನೆಯ ತಳಪಾಯ ಮತ್ತು ಜಗಲಿ, ಅಡುಗೆಮನೆಯ ಕಲ್ಲಿನ ಒಲೆ, ನೀರು ಹೊರಹೋಗುವ ಚರಂಡಿ, ಕೊಳಗಳು, ನೆತ್ತಿಯ ಬಂಡೆಯ ಮೇಲೊಂದು ಚಿಕ್ಕ ಶಿವಾಲಯ. ಮರದ ಕಂಬ, ತೊಲೆ, ಮಾಡುಗಳೆಲ್ಲ ನಾಶವಾಗಿ ಕಲ್ಲು ಮಾತ್ರ ಉಳಿದಿದೆ. ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ' ಎಂಬ ವಿಶ್ವಕೋಶದಲ್ಲಿ ರಾಜನೀತಿಯ ಜೊತೆಗೆ ಅಡುಗೆಯ ವಿದ್ಯೆಗೂ ಸ್ಥಾನವಿದೆ. ಕಲ್ಲೊಲೆಯ ಮುಂದೆ ನಿಂತವರು ಈ ಸಂಗತಿಯನ್ನು ನೆನೆಯಬಹುದು.

ಅಡುಗೆಯಾಗಲಿ ಸ್ನಾನವಾಗಲಿ ಪೂಜೆಯಾಗಲಿ ನೀರಿಲ್ಲದೆ ನಡೆಯದು. ಕೋಟೆಯ ನೆತ್ತಿಯ ಮೇಲೆ ಇನ್ನೊಂದು ಬೆಟ್ಟವಿಲ್ಲ, ಅಲ್ಲಿಗೆ ಹರಿದುಬರುವ ಹಳ್ಳವಿಲ್ಲ. ಬೆಟ್ಟದ ಮೈಮೇಲೆ ಬಿದ್ದ ಮಳೆ ಮಾತ್ರವೇ ಅಲ್ಲಿಯ ನೀರು. ಈ ಭಾಗದ ಮಳೆಗೆ ಬಡತನವಿಲ್ಲ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲದೆ ಓಡುತ್ತದೆ. ಉಳಿದ ಎಂಟು ತಿಂಗಳು ಹೇಗೆ?

ಕೋಟೆಗೆ ಇನ್ನೊಂದು ಇಕ್ಕಟ್ಟೂ ಇತ್ತು. ಮುಂಗಾರಿನಲ್ಲಿ ಬಯಲಿನ ಸೈನ್ಯ ಮಲೆನಾಡಿನೊಳಗೆ ನಡೆಯಲಾರದು. ಹಳ್ಳಗಳು ಉಕ್ಕುತ್ತವೆ, ಮದ್ದು ತೊಯ್ಯುತ್ತದೆ, ಕುದುರೆಯ ಕಾಲು ಕೆಸರಿನಲ್ಲಿ ಹೂಳುತ್ತದೆ, ಉಂಬಳ ಹತ್ತುತ್ತದೆ. ಶತ್ರು ಬರುವುದು ನೆಲ ಒಣಗಿದ ಮೇಲೆ, ಅಂದರೆ ನೀರು ಕಡಮೆಯಾಗುವ ತಿಂಗಳುಗಳಲ್ಲಿಯೇ. ಆದುದರಿಂದ ಸುಗ್ಗಿಯಿಂದ ಮುಂಗಾರಿನವರೆಗಿನ ಆ ಕಾಲದಲ್ಲಿ ಕೊಳದಲ್ಲಿ ನೀರು ನಿಲ್ಲುವಂತೆ ನೋಡಿಕೊಳ್ಳುವುದು ಗೋಡೆ ಕಟ್ಟುವಷ್ಟೇ ಮುಖ್ಯ ರಕ್ಷಣೆಯ ಕೆಲಸವಾಗಿತ್ತು.

ಈ ಅರಸರ ಕಾಲದ ನೀರಿನ ನೆಲೆಗಳನ್ನು ಬೇರೆಡೆಯೂ ನೋಡಬಹುದು. ನಗರದ ಕೋಟೆಯೊಳಗೆ ಅಕ್ಕ-ತಂಗಿ ಕೊಳಗಳಿವೆ. ನಗರದ ಸಮೀಪದ ಬಸವನಬ್ಯಾಣದ ದೇವಗಂಗೆಯಲ್ಲಿ ಬೆಟ್ಟದ ಬುಡದ ಒರತೆಯ ನೀರನ್ನು ಕಲ್ಲಿನಿಂದ ಕಟ್ಟಿದ ಬೇರೆ ಬೇರೆ ಆಕಾರದ ಕೊಳಗಳಿಗೆ ಹರಿಸಲಾಗಿದೆ. ಒಂದು ಕೊಳದ ಹೆಚ್ಚಿನ ನೀರು ಮುಂದಿನದಕ್ಕೆ, ಅದರದು ಮತ್ತೊಂದಕ್ಕೆ. ಇಲ್ಲಿ ಚಮತ್ಕಾರವೇನೂ ಇಲ್ಲ. ಮೇಲಿನ ಇಳಿಜಾರಿನಲ್ಲಿ ಕಾಡು ಇದ್ದು ಅದರ ತರಗೆಲೆಯ ಹಾಸು ಮಳೆಯನ್ನು ಹೀರಿಕೊಂಡರೆ, ಆ ನೀರು ಮಣ್ಣಿನ ಮತ್ತು ಬಂಡೆಯ ಬಿರುಕುಗಳ ಮೂಲಕ ನಿಧಾನವಾಗಿ ಇಳಿದು ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಕಾಡು ಹೋದರೆ ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಒಣಗಿದ ಕಲ್ಲು. ಕೊಳ ಕಟ್ಟಿದವರಿಗೆ ಕಲ್ಲಿನ ಕೆಲಸದಷ್ಟೇ ಕಾಡಿನ ಕೆಲಸವೂ ತಿಳಿದಿತ್ತು.

ಹೊತ್ತವರು ಯಾರು

ಇಷ್ಟನ್ನು ಹೇಳಿ ಅರಸರನ್ನು ಹಾಡಿ ಹೊಗಳಿದರೆ ಅದು ಅರ್ಧ ಸತ್ಯವಾಗುತ್ತದೆ. ಕವಲೇದುರ್ಗದ ಮೂರು ಸುತ್ತಿನ ಕಲ್ಲುಗಳನ್ನು ಅರಸರು ಹೊರಲಿಲ್ಲ. ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಕಾಣದು. ಕಣಜ ತುಂಬಿದ್ದು ಗದ್ದೆಯ ಭತ್ತದಿಂದ, ಬೊಕ್ಕಸ ತುಂಬಿದ್ದು ಅಡಕೆ ಮತ್ತು ಮೆಣಸಿನಿಂದ.

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ 'ಶಿಸ್ತು' ಎಂಬ ಕಂದಾಯ ಪದ್ಧತಿ ಪ್ರಸಿದ್ಧವಾದದ್ದು. ಬೇರೆ ಬೇರೆ ಬಗೆಯ ಮಣ್ಣಿನ ಗದ್ದೆಗಳನ್ನು ಆರಿಸಿ, ಸರ್ಕಾರದ ಲೆಕ್ಕದಲ್ಲಿ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬಿತ್ತನೆ, ಬೆಳೆ, ಧಾರಣೆಗಳ ಸರಾಸರಿ ಹಿಡಿದು ಕಂದಾಯವನ್ನು ನಿಗದಿ ಮಾಡಲಾಯಿತೆಂದು ಹೇಳುತ್ತಾರೆ. ಗದ್ದೆಯ ಉತ್ಪನ್ನದಲ್ಲಿ ಮೂರನೆಯ ಒಂದು ಪಾಲು ಅರಮನೆಗೆ. ಅಡಕೆಯ ತೋಟಗಳಿಗೆ ಮರಗಳ ಎಣಿಕೆಯ ಮೇಲೆ ತೆರಿಗೆ. ಮೂರರಲ್ಲಿ ಒಂದು ಪಾಲೆಂದರೆ ಹಗುರವಾದ ಹೊರೆಯಲ್ಲ. ಆದರೂ ಈ ಪದ್ಧತಿ ಜನರ ನೆನಪಿನಲ್ಲಿ ಒಳ್ಳೆಯ ಹೆಸರು ಪಡೆದದ್ದಕ್ಕೆ ಕಾರಣವಿದೆ. ಮಣ್ಣು ಎಷ್ಟು ಕೊಡಬಲ್ಲದು ಎಂದು ಮೊದಲು ನೋಡಿ, ಆಮೇಲೆ ಎಷ್ಟು ಕೇಳಬೇಕು ಎಂದು ತೀರ್ಮಾನಿಸಲಾಯಿತು. ಒಂದೇ ವರ್ಷದ ಬೆಳೆಯನ್ನು ನೋಡಿ ಮಾಡಿದ ತೀರ್ಮಾನ ಅದಲ್ಲ.

ಅಡಕೆ ತೋಟಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಬೆಟ್ಟ ಬೇಕು. ಕಾನುಗಳಲ್ಲಿ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಉಪ್ಪಾಗೆ, ದಾಲ್ಚಿನ್ನಿ, ಬೈನೆ ಇದ್ದವು. ಕಾನನ್ನು ಕಡಿಯದೆ ಅದರಿಂದ ಪಡೆಯುವ ಕ್ರಮ ಇತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಡಕೆ, ಮೆಣಸಿನ ತೋಟಗಳ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅರಮನೆಯ ಸಿರಿಯ ಬೇರು ಇದ್ದುದು ತೋಟದಲ್ಲಿ, ತೋಟದ ಬೇರು ಇದ್ದುದು ಬೆಟ್ಟದಲ್ಲಿ.

ಕೋಟೆ ಬಿದ್ದ ಬಗೆ

ಕಾಡಿನ ಗೋಡೆಯೊಳಗಿನ ಈ ರಾಜ್ಯ ಬಲವುಳ್ಳವರಿಗೂ ಸುಲಭದ ತುತ್ತಾಗಿರಲಿಲ್ಲ. 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ದಾರಿ ಮಾಡಿಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಬೆನ್ನಟ್ಟಿ ಬಂದ ಮೊಗಲರ ಪಡೆಯನ್ನು ಅವಳ ಸೈನ್ಯ ಎದುರಿಸಿತು.

ಆದರೆ 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ಆಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಹೈದರ್ ಬಂದದ್ದು ವರ್ಷದ ಮೊದಲ ತಿಂಗಳುಗಳಲ್ಲಿ, ಮಳೆಯಿಲ್ಲದ ಕಾಲದಲ್ಲಿ. ದಾರಿಯಲ್ಲಿ ಕುಂಸಿಯ ಸೆರೆಯಲ್ಲಿದ್ದ ಹಿಂದಿನ ಪ್ರಧಾನಿ ಲಿಂಗಣ್ಣ ಅವನಿಗೆ ದೊರೆತ. ಹೊರಗಿನವರಿಗೆ ತಿಳಿಯದ ಒಳದಾರಿಯನ್ನು ತೋರಿಸಿದವನು ಅವನೇ. ಕಾವಲಿನ ಠಾಣೆಗಳ ಮುಂದೆ ಕಾದಾಟ ನಡೆಯುವಂತೆ ತೋರಿಸುತ್ತಲೇ ಮುಖ್ಯ ಪಡೆ ಕಾಡಿನ ಗುಪ್ತಮಾರ್ಗದಿಂದ ನಗರವನ್ನು ಹೊಕ್ಕಿತು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಪಲಾಯನ ಮಾಡಿದಳು. ಮುಂದೆ ಸೆರೆಸಿಕ್ಕು ಮಧುಗಿರಿಯಲ್ಲಿ ಬಂಧನದಲ್ಲಿದ್ದಳು. 1767ರಲ್ಲಿ ಮರಾಠರು ಬಿಡಿಸಿದ ಮೇಲೆ ಪುಣೆಯ ದಾರಿಯಲ್ಲಿ ತೀರಿಕೊಂಡಳು. ನಗರದ ಜನ ಕಾಡಿಗೆ ಓಡಿ ಜೀವ ಉಳಿಸಿಕೊಂಡರು. ಹೈದರನಿಗೆ ಸಿಕ್ಕ ಸಂಪತ್ತು ಅಪಾರ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ಬುನಾದಿ ಎಂದು ಅವನೇ ಹೇಳುತ್ತಿದ್ದನಂತೆ.

ಇಲ್ಲಿ ಸೋತದ್ದು ಕಾಡಲ್ಲ. ಕಾಡಿನ ಗುಟ್ಟು ತಿಳಿದಿದ್ದ ಮನುಷ್ಯನನ್ನು ಅರಮನೆ ಕಳೆದುಕೊಂಡಿತ್ತು. ಒಳಗಿನವರ ನಡುವೆ ಒಡಕು ಹುಟ್ಟಿದಾಗ ಒಳದಾರಿ ಹೊರಗಿನವರ ವಶವಾಗುತ್ತದೆ. ಇಂದು ಮಲೆನಾಡಿನ ಕಾಡು, ಹೊಳೆ, ಗೋಮಾಳಗಳ ವಿಷಯದಲ್ಲಿಯೂ ಈ ಮಾತನ್ನು ಮರೆಯಬಾರದು.

ಅರಸರ ಕತೆ ಅಲ್ಲಿಗೆ ಮುಗಿದರೂ ಜನರ ಕತೆ ಮುಗಿಯಲಿಲ್ಲ. 1830-31ರಲ್ಲಿ ಕಂದಾಯದ ಹೊರೆ ಮತ್ತು ಅಧಿಕಾರಿಗಳ ದಬ್ಬಾಳಿಕೆಯ ವಿರುದ್ಧ ನಗರ ಸೀಮೆಯ ರೈತರು ಕೂಟ ಸೇರಿದರು. ದಂಗೆ ಹಬ್ಬಿತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಳ್ಳಲು ಈ ದಂಗೆಯೂ ಒಂದು ಕಾರಣವಾಯಿತು. ಕೋಟೆ ನೋಡಲು ಹೋಗುವ ವಿದ್ಯಾರ್ಥಿಗಳು ಶಿವಪ್ಪನಾಯಕ, ಚೆನ್ನಮ್ಮಾಜಿಯರ ಜೊತೆಗೆ ಹೆಸರಿಲ್ಲದ ಆ ರೈತರನ್ನೂ ನೆನೆಯಬೇಕು.

ನೆತ್ತಿಯಿಂದ ಕಾಣುವುದು

ಕವಲೇದುರ್ಗದ ನೆತ್ತಿಯ ಮೇಲೆ ನಿಂತರೆ ಸುತ್ತಲೂ ಬೆಟ್ಟಸಾಲು, ನಡುವೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟಿನ ಹಿನ್ನೀರು ಕಾಣುತ್ತದೆ. ಬಂದವರು ಸೌಂದರ್ಯವೆಂದು ಮೆಚ್ಚುವ ಆ ನೀರಿನ ಕೆಳಗೆ ಕಣಿವೆಯ ನೆಲವಿದೆ. ವಾರಾಹಿಯ ಭೂಗರ್ಭ ವಿದ್ಯುದಾಗಾರ 1989ರಲ್ಲಿ ಉತ್ಪಾದನೆ ಆರಂಭಿಸಿತು. ಇಂದು ಅದರ ಸಾಮರ್ಥ್ಯ 460 ಮೆಗಾವಾಟ್. ಉತ್ತರಕ್ಕೆ ಶರಾವತಿಯ ಕಣಿವೆಯಲ್ಲಿ 1948ರ ಹಿರೇಭಾಸ್ಕರ ಅಣೆಕಟ್ಟನ್ನೇ ಮುಳುಗಿಸಿ 1964ರಲ್ಲಿ ಲಿಂಗನಮಕ್ಕಿ ತುಂಬಿತು. ನಗರದ ಸುತ್ತ ಚಕ್ರಾ, ಸಾವೆಹಕ್ಕಲು ಅಣೆಕಟ್ಟುಗಳು ಎದ್ದವು. ಕೆಳದಿಯ ಅರಸರು ರಕ್ಷಣೆಗೆಂದು ಹುಡುಕಿ ಹೋದ ಅದೇ ಹೆಚ್ಚು ಮಳೆಯ, ದಟ್ಟ ಕಾಡಿನ ಕಣಿವೆಗಳು ನಾಡಿಗೆ ಬೆಳಕು ಕೊಡುವ ನೀರಿನ ಪಾತ್ರೆಗಳಾದವು.

ನಾಡಿಗೆ ವಿದ್ಯುತ್ತು ಬೇಕಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕು. ಶರಾವತಿಯ ಮುಳುಗಡೆಯಿಂದ ಊರು ಬಿಟ್ಟವರ ಭೂಮಿಯ ಹಕ್ಕಿನ ಸಮಸ್ಯೆ ಆರು ದಶಕ ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಶಿವಪ್ಪನಾಯಕನ ಕಾಲದಲ್ಲಿ ಗದ್ದೆಯ ಶಕ್ತಿಯನ್ನು ಅಳೆಯಲು ಹನ್ನೆರಡು ವರ್ಷ ಹಿಡಿಯಿತೆಂದು ಕೇಳಿ ಮೆಚ್ಚುವ ಕಾಲದಲ್ಲಿ, ಒಂದು ಕಣಿವೆಯ ಬೆಲೆಯನ್ನು ಒಂದೆರಡು ಋತುಗಳ ಸಮೀಕ್ಷೆಯಿಂದ ಕಟ್ಟುವುದು ಯಾವ ಶಿಸ್ತು?

ಅರಮನೆ ಹಾಳಾದರೂ ಅದರ ತಳಪಾಯ ಉಳಿದಿದೆ, ಅದನ್ನು ನೋಡಲು ಜನ ಬರುತ್ತಾರೆ. ಮುಳುಗಿದ ಊರುಗಳ ಮನೆಯಂಗಳ, ಭೂತನ ಬನ, ಕೆರೆಯ ತೂಬುಗಳಿಗೆ ಆ ಭಾಗ್ಯವೂ ಇಲ್ಲ. ಅವು ಉಳಿದಿರುವುದು ಹಿರಿಯರ ನೆನಪಿನಲ್ಲಿ ಮಾತ್ರ, ಆ ಹಿರಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಮಾಡಬಹುದಾದದ್ದು

ಕೋಟೆಯ ರಕ್ಷಣೆಯೆಂದರೆ ಕಲ್ಲಿನ ರಕ್ಷಣೆ ಎಂಬ ಭಾವನೆ ಸಾಮಾನ್ಯ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇದು ಕಟ್ಟಡಗಳನ್ನು ತಡೆಯುವ ಕಾನೂನು. ಕೊಳಕ್ಕೆ ನೀರು ಇಳಿಸುವ ಕಾಡನ್ನು, ಬೆಟ್ಟದಿಂದ ಹುಟ್ಟಿ ಊರಿಗೆ ಇಳಿಯುವ ಹಳ್ಳವನ್ನು ಅದೊಂದೇ ಕಾಯಲಾರದು. ಅದಕ್ಕೆ ಬೇರೆ ದಾರಿಗಳಿವೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದೇ ಕಾಯಿದೆಯಡಿ ಜೀವವೈವಿಧ್ಯ ಪಾರಂಪರಿಕ ತಾಣಗಳನ್ನು ಘೋಷಿಸಲು ಅವಕಾಶವಿದೆ. 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು ದೇಶದ ಮೊದಲ ಇಂಥ ತಾಣವಾಯಿತು. ಅನಂತರ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡವೂ ಆ ಪಟ್ಟಿಗೆ ಸೇರಿತು. ಕೋಟೆಯ ಬೆಟ್ಟಗಳನ್ನು ಅವುಗಳ ಕಾನು, ಒರತೆಗಳ ಸಮೇತ ಒಂದೇ ಘಟಕವಾಗಿ ನೋಡುವ ಪ್ರಸ್ತಾವ ಗ್ರಾಮಸಭೆಯಿಂದಲೇ ಏಳಬೇಕು.

ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸಗಳು ಸಣ್ಣವು, ಆದರೆ ಬೇರೆ ಯಾರೂ ಮಾಡದವು. ಕೋಟೆಯ ಕೊಳಗಳಲ್ಲಿ ಕಾರ್ತಿಕ, ಮಾಘ, ವೈಶಾಖಗಳಲ್ಲಿ ನೀರು ಎಷ್ಟು ಮೆಟ್ಟಿಲಿನವರೆಗೆ ಇದೆ ಎಂದು ಪ್ರತಿ ವರ್ಷ ಗುರುತು ಹಾಕಿಕೊಳ್ಳಬಹುದು. ಹತ್ತು ವರ್ಷದ ಅಂಥ ಪುಸ್ತಕ ಸಂಶೋಧಕರಿಗೂ ಬೇಕಾದ ದಾಖಲೆಯಾಗುತ್ತದೆ. ಬೆಟ್ಟದ ಬುಡದ ಹಳ್ಳಿಗಳಲ್ಲಿ ಯಾವ ಒರತೆ ಯಾವ ತಿಂಗಳಲ್ಲಿ ಬತ್ತುತ್ತದೆ, ಹಿಂದೆ ಯಾವಾಗ ಬತ್ತುತ್ತಿತ್ತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಬಹುದು. ಹಳೆಯ ಕಾಲುದಾರಿಗಳ, ಕಾನುಗಳ, ಕಲ್ಲುಗಳ ಹೆಸರುಗಳನ್ನು ನಕಾಶೆಯ ಮೇಲೆ ಗುರುತಿಸಬಹುದು. ಮುಳುಗಡೆಯಿಂದ ಬಂದು ನೆಲೆಸಿದವರಿಂದ ಅವರ ಹಳೆಯ ಊರಿನ ಕೇರಿ, ಗದ್ದೆ, ದೇವರ ಹೆಸರುಗಳನ್ನು ಕೇಳಿ ಬರೆದಿಡಬಹುದು.

ಚಾರಣದ ದಿನ ಪಾಲಿಸಬೇಕಾದ ನಿಯಮಗಳೂ ಇವೆ. ನೀರಿನ ಬಾಟಲಿ, ತಿಂಡಿಯ ಪೊಟ್ಟಣ ಯಾವುದೂ ಮೇಲೆ ಉಳಿಯಬಾರದು. ಕೊಳದಲ್ಲಿ ಸೋಪು ಹಚ್ಚಬಾರದು. ಗೋಡೆಯ ಕಲ್ಲನ್ನು ಕೀಳಬಾರದು, ಹೆಸರು ಕೆತ್ತಬಾರದು. ಬೇಸಿಗೆಯಲ್ಲಿ ಒಲೆ ಹೂಡಬಾರದು. ಒಣಹುಲ್ಲಿಗೆ ಹತ್ತಿದ ಕಿಡಿ ಒಂದು ಮಧ್ಯಾಹ್ನದಲ್ಲಿ ಸುಡುವ ತರಗೆಲೆಯ ಹಾಸು ಮತ್ತೆ ಕೂಡಿಕೊಳ್ಳಲು ಹಲವು ಮಳೆಗಾಲಗಳೇ ಬೇಕು. ನೆಲ ಅಗೆದ ಹೊಸ ಗುಂಡಿ ಕಂಡರೆ ಅದನ್ನು ಗ್ರಾಮ ಪಂಚಾಯಿತಿಗೆ ತಿಳಿಸಬೇಕು. ನಿಧಿಗಳ್ಳರು ಹಾಳುಮಾಡುವುದು ಊರಿನ ಆಸ್ತಿಯನ್ನು.

ಕೋಟೆಯಲ್ಲಿ ನಿಧಿ ಇದೆಯೇ ಎಂದು ಕೇಳುವವರಿಗೆ ಉತ್ತರ ಸರಳವಾಗಿದೆ. ಬೊಕ್ಕಸದಲ್ಲಿದ್ದ ಚಿನ್ನವನ್ನು ಗೆದ್ದವರು 1763ರಲ್ಲಿಯೇ ಒಯ್ದರು. ಅವರಿಗೆ ಒಯ್ಯಲಾಗದೆ ಹೋದದ್ದು ಬೆಟ್ಟದ ಕಾಡು ಮತ್ತು ಅದು ಹಿಡಿದಿಟ್ಟ ನೀರು. ಅರಸರು ಹೋಗಿ ಇನ್ನೂರ ಅರವತ್ತು ವರ್ಷಗಳಾದ ಮೇಲೂ ಬುಡದ ಗದ್ದೆಗೆ ಆ ನೀರು ಇಳಿಯುತ್ತಿದೆ. ಅದನ್ನು ಕಾಯುವ ಹೊಣೆ ಈಗ ಯಾವ ಅರಮನೆಯದೂ ಅಲ್ಲ, ಬೆಟ್ಟದ ಸುತ್ತಲಿನ ಊರುಗಳದು. ಚಾರಣ ಮುಗಿಸಿ ಬಂದವರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿದರೆ ಈ ಉಪನ್ಯಾಸ ಸಾರ್ಥಕವಾಗುತ್ತದೆ.